ಚಿರತೆ ಒಯ್ದ ಬೂಟು

ಲಿವಿಂಗ್‌ಸ್ಟನ್
3 ಮಾರ್ಚ್ 1976

ಮಾನ್ಯ ಕುಮಾರಿ ಫೆಲಿಸ್ತಾ ಕಟೊಂಗೊ ಅವರಿಗೆ,

ಪರಿಚಯವಿಲ್ಲದವನ ಪತ್ರಕ್ಕೆ ಕ್ಷಮೆಯಿರಲಿ. ನನ್ನ ಹೆಸರು ಸಿತಾಲಿ ಮುಬಿತಾ. ಇಲ್ಲಿಯ ರೈಲು ನಿಲ್ದಾಣದ ಗೂಡ್ಸ್ ಕಚೇರಿಯಲ್ಲಿ ಗುಮಾಸ್ತ. ಅದು ಹೊಟ್ಟೆಪಾಡು. ನಿಜವಾದ ಕೆಲಸವೆಂದರೆ ಲಿವಿಂಗ್‌ಸ್ಟನ್ ಲಜಾರೊ ಅಭಿಮಾನಿಗಳ ಸಂಘದ ಕಾರ್ಯದರ್ಶಿತನ. ನಿಮ್ಮ ವಿಳಾಸ ನನಗೆ ಹೇಗೆ ಸಿಕ್ಕಿತೆಂದು ಅಚ್ಚರಿಪಡಬೇಡಿ. ಅವರು ಗಿಟಾರ್ ಬಾರಿಸುವ 'ಕಫುವೆ ಮಿಂಚು' ತಂಡದ ಹೊಸ ರೆಕಾರ್ಡಿನ ಹಿಂಬದಿಯಲ್ಲಿ, ಎಲ್ಲಕ್ಕಿಂತ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ 'ಉಡುಪು: ಕುಮಾರಿ ಫೆಲಿಸ್ತಾ ಕಟೊಂಗೊ, ವುಸಾಕಿಲೆ, ಕಿಟ್ವೆ' ಎಂದಿದೆ. ನಾವು ಆ ರಟ್ಟನ್ನು ಬೈಬಲ್ಲಿನಂತೆ ಓದುವವರು.

ಗಿಟಾರ್ ಬಾರಿಸುವವರು ಈ ದೇಶದಲ್ಲಿ ಈಗ ಬೀದಿಗೊಬ್ಬರು. ಆದರೆ ಬಾ ಚಿಲೆಕ್ವಾ ಅವರಂತೆ ಯಾರೂ ಇಲ್ಲ. ಕ್ಷಮಿಸಿ, ಎಲ್ಲರೂ ಅವರನ್ನು ಬರಿಯ ಲಜಾರೊ ಎಂದರೂ, ಮನೆತನದ ಹೆಸರಿಗೆ 'ಬಾ' ಎಂಬ ಗೌರವ ಸೇರಿಸದೆ ಕರೆಯಲು ನನಗೆ ನಾಲಗೆ ಏಳುವುದಿಲ್ಲ. 'ಗೋಡೆಯೊಳಗಿನವರು' ಹಾಡಿನ ನಡುವೆ ಗಿಟಾರು ತಟ್ಟನೆ ನಿಂತು, ಅವರು ಪಕ್ಕಕ್ಕೆ ತಿರುಗಿ ಯಾರಿಗೋ ಉತ್ತರಿಸುವಂತೆ "ಬಂದೆ, ಬಂದೆ, ಸ್ವಲ್ಪ ತಾಳಿ" ಎನ್ನುತ್ತಾರಲ್ಲ, ಅಲ್ಲಿ ನಮ್ಮ ಸಂಘದ ಪ್ರತಿಯೊಬ್ಬನೂ ಉಸಿರು ಹಿಡಿಯುತ್ತಾನೆ. ಎಂಥ ಕಲ್ಪನೆ! ಇಲ್ಲದವನೊಬ್ಬನನ್ನು ಇದ್ದಾನೆ ಎನಿಸುವಂತೆ ಮಾಡುವುದು ಸುಲಭವಲ್ಲ.

ತಂಡವನ್ನು ಇಲ್ಲಿಗೆ ಕರೆಸಬೇಕೆಂಬುದು ನಮ್ಮ ಆಸೆ. ಮ್ಯಾನೇಜರರಿಗೆ ಬರೆದರೆ ಉತ್ತರವಿಲ್ಲ. ನೀವು ಅವರನ್ನು ಹತ್ತಿರದಿಂದ ಬಲ್ಲಿರಿ. ಅವರು ಹೇಗಿದ್ದಾರೆ, ಏನು ತಿನ್ನುತ್ತಾರೆ, ವೇದಿಕೆಯ ಮೇಲೆ ಅವರನ್ನು ಕಂಡಾಗ ಕಿಟ್ವೆಯವರು ಏನು ಮಾಡುತ್ತಾರೆ, ಎಲ್ಲವನ್ನೂ ಬರೆಯಿರಿ.

ನಿಮ್ಮ ವಿಶ್ವಾಸಿ,
ಸಿತಾಲಿ ಮುಬಿತಾ, ಕಾರ್ಯದರ್ಶಿ


ವುಸಾಕಿಲೆ, ಕಿಟ್ವೆ
14 ಮಾರ್ಚ್ 1976

ಬಾ ಕಾರ್ಯದರ್ಶಿಗಳಿಗೆ,

ನಿಮ್ಮ ಪತ್ರವನ್ನು ನನ್ನ ಹೊಲಿಗೆ ಯಂತ್ರದ ಪಕ್ಕದಲ್ಲಿಟ್ಟುಕೊಂಡು ಓದಿದೆ. ನನ್ನ ಬಳಿ ಹೊಲಿಗೆ ಕಲಿಯುವ ಹುಡುಗಿಯರು ಯಾರ ಪ್ರೇಮಪತ್ರ ಎಂದು ಕೇಳಿದರು. ಲಜಾರೊಗೆ ಬರೆದದ್ದು, ನನ್ನ ಕೈಗೆ ತಪ್ಪಿ ಬಂದಿದೆ ಎಂದೆ.

ಅವನು ಏನು ತಿನ್ನುತ್ತಾನೆ? ನ್ಶಿಮಾ ಮುದ್ದೆ, ಕಪೆಂಟಾ ಮೀನು, ಕುಂಬಳದ ಸೊಪ್ಪು. ನೀವು ತಿನ್ನುವುದೇ. ಹೇಗಿದ್ದಾನೆ? ಉದ್ದ, ಸಣಕಲು. ಸೊಂಟ ಎಷ್ಟು ಸಣ್ಣದೆಂದರೆ ಅವನ ಪ್ಯಾಂಟು ಹೊಲಿದು ಉಳಿದ ಬಟ್ಟೆಯಲ್ಲಿ ನನ್ನ ತಂಗಿಯ ಮಗಳಿಗೆ ಲಂಗವಾಗುತ್ತದೆ. ರೆಕಾರ್ಡಿನ ರಟ್ಟಿನ ಮೇಲೆ ನೀವು ನೋಡಿರುವ ಆ ಕೆಂಪು ಬೂಟು ನಮ್ಮ ಬೀದಿಯ ಚಮ್ಮಾರನೂ ನಾನೂ ಸೇರಿ ಮಾಡಿದ್ದು. ಅಟ್ಟೆ ಲಾರಿ ಟೈರಿನದು, ಇಟ್ಟಿಗೆಯಷ್ಟು ದಪ್ಪ. ಬಣ್ಣ ಮನೆಯ ಬಾಗಿಲಿಗೆ ತಂದು ಉಳಿದದ್ದು.

ಇನ್ನು ಕಿಟ್ವೆಯವರು ಏನು ಮಾಡುತ್ತಾರೆಂದರೆ, ಉಳಿದವರ ವಿಷಯ ನನಗೆ ಗೊತ್ತಿಲ್ಲ, ನಾನು ಮೊದಲ ಸಾಲಿನಲ್ಲಿ ನಿಂತು ಬೈಯುತ್ತೇನೆ. ಅವನು ಬಂದು ಗಿಟಾರ್ ಹೆಗಲಿಗೇರಿಸಿ, ಜನರನ್ನು ನೋಡದೆ ಸುಮ್ಮನೆ ನಿಲ್ಲುತ್ತಾನೆ. ಆಗ ನಾನು, "ಏ ಮೇಕೆ! ಹುಚ್ಚು ಮೇಕೆ! ನಿನ್ನ ಕೊಂಬು ಎಲ್ಲಿ ಮಾರ್ಕೊಂಡ್ಯೋ?" ಎಂದು ಕೂಗುತ್ತೇನೆ. ಹಾಲ್ ಪೂರ್ತಿ ನಗುತ್ತದೆ. ಅವನೂ ನಗುತ್ತಾನೆ. ನಕ್ಕ ಮೇಲೆಯೇ ಬೆರಳು ತಂತಿಯ ಮೇಲೆ ಹೋಗುವುದು. ಅವನದು ಮೇಕೆ ಕುಲ, ನನ್ನದು ಚಿರತೆ. ಅದನ್ನೆಲ್ಲ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ಹಾಡಿನ ನಡುವಿನ ಮಾತು ಚೆನ್ನಾಗಿದೆ, ಬಿಡಿ. ಅದರ ಬಗ್ಗೆ ಅವನನ್ನು ಕೇಳಬೇಡಿ.

ಮ್ಯಾನೇಜರನಿಗೆ ನಾನು ಹೇಳುತ್ತೇನೆ. ಆದರೆ ಕೆಲವು ಮಾತು ಮೊದಲೇ ತಿಳಿದಿರಲಿ. ಶೋ ಮಧ್ಯಾಹ್ನ ಇಡಿ, ಅವನು ಬೇಗ ಮಲಗಬೇಕು. ವೇದಿಕೆಯಲ್ಲಿ ಅವನ ಬೆನ್ನ ಹಿಂದೆ ಯಾರೂ ನಿಲ್ಲಬಾರದು. ಮತ್ತೆ, ದಯವಿಟ್ಟು 'ಬಾ ಚಿಲೆಕ್ವಾ' ಎಂದು ಮರ್ಯಾದೆ ಹಚ್ಚಿ ಕರೆಯಬೇಡಿ. ಲಜಾರೊ ಅನ್ನಿ, ಸಾಕು.

ಫೆಲಿಸ್ತಾ ಕಟೊಂಗೊ


ಲಿವಿಂಗ್‌ಸ್ಟನ್
2 ಏಪ್ರಿಲ್ 1976

ಪ್ರಿಯ ಫೆಲಿಸ್ತಾ ಅವರೇ,

ನಿಮಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಮ್ಯಾನೇಜರರ ತಂತಿ ಬಂತು. ಏಪ್ರಿಲ್ 25, ಭಾನುವಾರ ಮಧ್ಯಾಹ್ನ, ಸಮುದಾಯ ಭವನದಲ್ಲಿ. ಊರಿನಲ್ಲಿ ಈಗ ಜೋಳದ ಹಿಟ್ಟಿಗೆ ಒಂದು ಸಾಲು, ನಮ್ಮ ಟಿಕೆಟ್ಟಿಗೆ ಒಂದು ಸಾಲು. ಎರಡೂ ಒಂದೇ ಉದ್ದ.

ನಿಮ್ಮ ಪತ್ರವನ್ನು ಸಂಘದ ಸಭೆಯಲ್ಲಿ ಗಟ್ಟಿಯಾಗಿ ಓದಿದೆ. ಮೊದಲ ಸಾಲಿನ ಪ್ರಸಂಗಕ್ಕೆ ಬಂದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು, ಮತ್ತೊಮ್ಮೆ ಓದಿಸಿದರು. ನಮ್ಮ ಕಡೆ ನಾವು ಲೋಜಿ ಜನಾಂಗದವರು ತೋಂಗಾ ಜನಾಂಗದವರನ್ನು ರೇಗಿಸುವುದುಂಟು. ಅವರೂ ಬಿಡುವುದಿಲ್ಲ. ಅಲ್ಲಿ ಯಾರು ಯಾರನ್ನು ಬೇಕಾದರೂ ಆಡಿಕೊಳ್ಳಬಹುದು. ನಿಮ್ಮಲ್ಲೂ ಅದೇ ಸಲುಗೆ ಎಂದು ತಿಳಿದು ಖುಷಿಯಾಯಿತು.

ಬೆನ್ನ ಹಿಂದೆ ಯಾರೂ ನಿಲ್ಲಬಾರದು ಎಂಬ ಕಟ್ಟಳೆ ಕೇಳಿ ನಮ್ಮ ಖಜಾಂಚಿ, "ದೊಡ್ಡ ಕಲಾವಿದರು ಹೀಗೇ ಕಣಪ್ಪಾ, ಒಂದು ಹುಚ್ಚು ಇಲ್ದೆ ಹೋದ್ರೆ ಅವರೆಂಥ ಕಲಾವಿದರು?" ಎಂದ. ಹೆಸರು ಹಿಡಿದು ಕರೆಯಿರಿ ಎಂದಿದ್ದೀರಿ. ಅದು ಅವರ ವಿನಯ. ಅವರು ವಿನಯ ತೋರಿದರೆಂದು ನಾವು ಮರ್ಯಾದೆ ಬಿಡುವುದಕ್ಕಾಗುತ್ತದೆಯೇ?

ಅವರಿಗಾಗಿ ಸಂಘ ಒಂದು ಸ್ವಾಗತ ಸಿದ್ಧಮಾಡುತ್ತಿದೆ. ಏನೆಂದು ಹೇಳುವುದಿಲ್ಲ. ನೀವೂ ವ್ಯಾನಿನಲ್ಲಿ ಬರುತ್ತೀರಲ್ಲ, ಬಂದಾಗ ನೋಡಿ. ನಿಮಗೆ ಬೇರೆ ಯಾರಿಗಿಂತಲೂ ಹೆಚ್ಚು ಸಂತೋಷವಾಗುತ್ತದೆ.

ಸಿತಾಲಿ


ಕಿಟ್ವೆ
20 ಏಪ್ರಿಲ್ 1976

ಬಾ ಸಿತಾಲಿ,

ಅವಸರದಲ್ಲಿ ಬರೆಯುತ್ತಿದ್ದೇನೆ. ನಾನು ಬರಲಾಗುತ್ತಿಲ್ಲ. ಶನಿವಾರ ಇಲ್ಲಿ ಒಂದು ಮದುವೆ, ಹೆಣ್ಣಿನ ಬಟ್ಟೆ ಇನ್ನೂ ನನ್ನ ಯಂತ್ರದ ಮೇಲಿದೆ. ಮ್ಯಾನೇಜರನೂ ವ್ಯಾನಿನಲ್ಲಿ ಹೆಂಗಸು ಬೇಡ ಎನ್ನುತ್ತಾನೆ.

ಡ್ರಮ್ ಬಾರಿಸುವ ವೈಟ್ಸನ್ ಕೈಯಲ್ಲಿ ಒಂದು ಸಣ್ಣ ಡಬ್ಬಿ ಕೊಟ್ಟಿದ್ದೇನೆ. ಲಜಾರೊನ ಹೊಟ್ಟೆಯ ಮಾತ್ರೆ. ಬೆಳಿಗ್ಗೆ ಒಂದು, ಸಂಜೆ ಒಂದು, ಊಟವಾದ ಮೇಲೆ. ವೈಟ್ಸನ್ ಒಳ್ಳೆಯವನು, ಆದರೆ ಬಿಯರು ಕಂಡರೆ ತನ್ನ ಹೆಸರನ್ನೇ ಮರೆಯುತ್ತಾನೆ. ನೀವು ನೆನಪಿಸಿ. ತಪ್ಪಬಾರದು.

ಆ ಸ್ವಾಗತ ಏನು? ಅವನಿಗೆ ಅನಿರೀಕ್ಷಿತದ್ದು ಆಗಿಬರುವುದಿಲ್ಲ. ಹೂವಿನ ಮಾಲೆಯಾದರೆ ಸರಿ. ಬೇರೆ ಏನಾದರೂ ಆದರೆ ತಂತಿ ಕೊಡಿ.

ಫೆಲಿಸ್ತಾ


ಲಿವಿಂಗ್‌ಸ್ಟನ್
27 ಏಪ್ರಿಲ್ 1976

ಪ್ರಿಯ ಫೆಲಿಸ್ತಾ ಅವರೇ,

ನಿಮ್ಮ 20ನೇ ತಾರೀಖಿನ ಪತ್ರ ನಿನ್ನೆ ತಲುಪಿತು. ಅಂಚೆಯವರು ಇತ್ತೀಚೆಗೆ ಹೀಗೆಯೇ.

ಶೋ ಬಹಳ ಚೆನ್ನಾಗಿ ನಡೆಯಿತು. ಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ, ಕಿಟಕಿಗಳಲ್ಲೂ ಜನ. ಸ್ವಾಗತವೂ ಆಯಿತು. ಬಾ ಚಿಲೆಕ್ವಾ ಅವರು ಭಾವುಕರಾದರು. ಕಾರ್ಯಕ್ರಮ ಅಂದುಕೊಂಡದ್ದಕ್ಕಿಂತ ಸ್ವಲ್ಪ ಮೊದಲೇ ಮುಗಿಯಿತು, ಅಷ್ಟೆ. ತಂಡಕ್ಕೆ ಮುಂದಿನ ಊರಿನಲ್ಲಿ ಕೆಲಸವಿದ್ದುದರಿಂದ ಅವರು ಸೋಮವಾರ ಹೊರಟರು. ಬಾ ಚಿಲೆಕ್ವಾ ಕೆಲವು ದಿನ ನಮ್ಮೂರಿನಲ್ಲಿ ವಿಶ್ರಾಂತಿ ಪಡೆಯಲು ಉಳಿದಿದ್ದಾರೆ. ನಿನ್ನೆಯೂ ಇವತ್ತೂ ಜಲಪಾತದ ಕಡೆಗೆ ನಡೆದು ಹೋದರು. ಕಲಾವಿದರಿಗೆ ಅಂಥ ಜಾಗ ಬೇಕಲ್ಲವೇ?

ಊಟ ಮಾತ್ರ ಸೇರುತ್ತಿಲ್ಲ. ನಾನು ಬಹಳ ಮರ್ಯಾದೆಯಿಂದಲೇ ಹೇಳುತ್ತೇನೆ: "ಬಾ ಚಿಲೆಕ್ವಾ, ದಯವಿಟ್ಟು ಎದ್ದು ಬನ್ನಿ, ಊಟ ಮಾಡಿ." ಹಾಗೆ ಹೇಳಿದಷ್ಟೂ ಅವರು ಕಿವಿ ಮುಚ್ಚಿಕೊಳ್ಳುತ್ತಾರೆ. ಆ ಹೊಟ್ಟೆಯ ಮಾತ್ರೆ ಕೆಲವು ದಿನ ತಪ್ಪಿದರೆ ತೊಂದರೆಯೇನಾದರೂ ಇದೆಯೇ? ಸುಮ್ಮನೆ ಕೇಳಿದೆ. ಇನ್ನೊಂದು, ಅವರಿಗೆ ಸೈನಿಕರೆಂದರೆ ಭಯವಿದೆಯೇ, ಇಲ್ಲವೇ? ಜಲಪಾತದ ಬಳಿಯ ಗಡಿ ಸೇತುವೆ ಮುಚ್ಚಿದಾಗಿನಿಂದ ಆ ದಾರಿಯಲ್ಲಿ ಕಾವಲು ಬಿಗಿ.

ನೀವೇನೂ ಚಿಂತಿಸಬೇಡಿ.

ಸಿತಾಲಿ


ಕಿಟ್ವೆ
1 ಮೇ 1976
(ಗೂಡ್ಸ್ ರೈಲಿನ ಗಾರ್ಡ್ ಕೈಯಲ್ಲಿ)

ಸಿತಾಲಿ ಮುಬಿತಾ,

ವ್ಯಾನು ನಿನ್ನೆ ವಾಪಸು ಬಂತು. ಇಳಿದವರಲ್ಲಿ ಲಜಾರೊ ಇರಲಿಲ್ಲ. ವೈಟ್ಸನ್ ನನ್ನ ಬಾಗಿಲಲ್ಲಿ ನಿಂತು ಅತ್ತ. ಆಮೇಲೆ ನಿಮ್ಮ ಪತ್ರವೂ ಬಂತು. 'ಭಾವುಕರಾದರು' ಎಂದು ಬರೆದಿದ್ದೀರಿ. ಆ ಪದ ಬರೆಯಲು ನಿಮಗೆ ನಾಚಿಕೆಯಾಗಲಿಲ್ಲವೇ?

ವೈಟ್ಸನ್ ಹೇಳಿದ್ದನ್ನು ನಾನು ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿ. ಪರದೆ ಸರಿದಾಗ ಭವನದ ತುಂಬ ಕುಳಿತವರ ತಲೆಯ ಮೇಲೆಲ್ಲ ಕಾಗದದ ಕೊಂಬು. ಅವನು ಗಿಟಾರ್ ಹೆಗಲಿಗೆ ಹಾಕಿಕೊಂಡು ನಿಂತ ಕೂಡಲೇ ಅಷ್ಟೂ ಜನ ಒಂದೇ ಗಂಟಲಿನಲ್ಲಿ "ಹುಚ್ಚು ಮೇಕೆ! ಹುಚ್ಚು ಮೇಕೆ!" ಎಂದರು. ಅವನು ಮೊದಲ ಸಾಲಿನಲ್ಲಿ ಯಾರನ್ನೋ ಹುಡುಕಿದ. ಮೈಕಿನಲ್ಲಿ "ಯಾರು? ಯಾರಿದು?" ಎಂದು ಕೇಳಿದ. ನಿಮ್ಮವರು ಅದನ್ನು ಹಾಡಿನ ಭಾಗ ಎಂದುಕೊಂಡು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಅವನು ಗಿಟಾರ್ ಕೆಳಗಿಟ್ಟು, ಮೆಟ್ಟಿಲಿಳಿದು, ಜನರ ನಡುವೆಯೇ ಹೊರಗೆ ನಡೆದ. ವೈಟ್ಸನ್ ಸೋಮವಾರವೆಲ್ಲ ಅವನ ಹಿಂದೆ ಅಲೆದ. ಮ್ಯಾನೇಜರ್ ವ್ಯಾನು ಹೊರಡಿಸಿದ.

ಈಗ ಕೇಳಿ. ನಾನು ನಿಮ್ಮಿಂದ ಮುಚ್ಚಿಟ್ಟದ್ದು ಇದು. ಅವು ಹೊಟ್ಟೆಯ ಮಾತ್ರೆಗಳಲ್ಲ. ಲಜಾರೊಗೆ ತಲೆಯ ಕಾಯಿಲೆ. ಎರಡು ಸಲ ರಾಜಧಾನಿಯ ಹುಚ್ಚಾಸ್ಪತ್ರೆಯಲ್ಲಿದ್ದು ಬಂದಿದ್ದಾನೆ. ಮನೆಯವರಿಗೆ ನಾಚಿಕೆ, ಮ್ಯಾನೇಜರನಿಗೆ ವ್ಯಾಪಾರ, ಅದಕ್ಕೇ ಯಾರೂ ಬಾಯಿ ಬಿಡುವುದಿಲ್ಲ. ನೀವು ಮೆಚ್ಚಿದ ಆ 'ಕಲ್ಪನೆ' ಕಲ್ಪನೆಯಲ್ಲ. ಗೋಡೆಯೊಳಗಿನಿಂದ ಅವನನ್ನು ನಿಜವಾಗಿಯೂ ಕರೆಯುತ್ತಾರೆ. ಹೇಗೆ ಕರೆಯುತ್ತಾರೆ ಗೊತ್ತೇ? ಬಹಳ ಮರ್ಯಾದೆಯಿಂದ. "ಬಾ ಚಿಲೆಕ್ವಾ, ದಯವಿಟ್ಟು ಎದ್ದು ಬನ್ನಿ." ಬಾವಿಯ ಕಡೆಗೆ ಬನ್ನಿ, ರೈಲು ಹಳಿಯ ಕಡೆಗೆ ಬನ್ನಿ. ಈಗ ನಿಮ್ಮ ಪತ್ರವನ್ನು ನೀವೇ ಇನ್ನೊಮ್ಮೆ ಓದಿ.

ಅವನ ಬಳಿ ಇದ್ದದ್ದು ಒಂದೇ ಉಪಾಯ. ಚಿರತೆ ಮೇಕೆಯನ್ನು ತಿನ್ನುತ್ತದೆ, ಅದಕ್ಕೇ ಆ ಎರಡು ಕುಲದವರು ನಮ್ಮಲ್ಲಿ ಮುನುಂಗ್ವೆಗಳು, ಬೈಗುಳದ ನೆಂಟರು. ನಾವು ಅವರನ್ನು ಬಾಯಿಗೆ ಬಂದಂತೆ ಬೈಯಬಹುದು, ಕೈಗೆ ಸಿಕ್ಕಿದ್ದನ್ನು ಕೇಳದೆ ಒಯ್ಯಬಹುದು. ಅವರೂ ಹಾಗೆಯೇ. ಕೋಪ ಮಾಡಿಕೊಳ್ಳುವಂತಿಲ್ಲ. ಆದರೆ ಹೊಸಬರಾದರೆ ಮೊದಲು ನಾನು ಇಂಥ ಕುಲ ಎಂದು ಹೇಳಿ, ಆಮೇಲೆ ಬಾಯಿ ತೆರೆಯಬೇಕು. ಆ ಹಕ್ಕಿಲ್ಲದವನು ಬೈದರೆ ಅದು ಬರೀ ಬೈಗುಳ. ಗೋಡೆಯೊಳಗಿನವರು ಅವನನ್ನು ಯಾವತ್ತೂ ಮೇಕೆ ಎಂದಿರಲಿಲ್ಲ. ಹಾಗಾಗಿ ಯಾವುದು ನಿಜವಾದ ದನಿ ಎಂದು ಅನುಮಾನ ಬಂದಾಗಲೆಲ್ಲ ಅವನು ನನ್ನ ಬಾಗಿಲಿಗೆ ಬಂದು, "ಫೆಲಿಸ್ತಾ, ಒಂದ್ಸಲ ಬೈಯೇ" ಎನ್ನುತ್ತಿದ್ದ. ನಾನು ಬೈಯುತ್ತಿದ್ದೆ. ಅವನು ನಕ್ಕು, ಮಾತ್ರೆ ನುಂಗಿ, ಹೋಗುತ್ತಿದ್ದ. ವೇದಿಕೆಯ ಮುಂದೆ ನಾನು ಕೂಗುತ್ತಿದ್ದದ್ದೂ ಅದಕ್ಕೇ.

ಭಾನುವಾರ ನೀವು ಆ ಮಾತನ್ನು ಊರಿಗೆಲ್ಲ ಹಂಚಿದಿರಿ. ಇನ್ನು ಅವನಿಗೆ ಅದರ ಮೇಲೆ ನಂಬಿಕೆ ಹೇಗೆ ಬರಬೇಕು? ಅದನ್ನು ನಿಮಗೆ ಬರೆದವಳು ನಾನೇ. ಜಂಬಕ್ಕೆ ಬರೆದೆ, ಏಕೆ ಎಂಬುದನ್ನು ನುಂಗಿಕೊಂಡೆ. ನಿಮ್ಮನ್ನು ಬೈದಷ್ಟೇ ನನ್ನನ್ನೂ ಬೈದುಕೊಂಡಿದ್ದೇನೆ.

ಡೀಸೆಲ್ ಇಲ್ಲದೆ ಬಸ್ಸುಗಳು ನಿಂತಿವೆ. ಪ್ರಯಾಣಿಕರ ರೈಲು ಗುರುವಾರವೇ. ಅಷ್ಟರವರೆಗೆ ಅವನು ಆ ಸೇತುವೆಯ ದಾರಿ ಹಿಡಿಯದಂತೆ ನೋಡಿಕೊಳ್ಳುವವರು ನೀವೊಬ್ಬರೇ. ಮರ್ಯಾದೆಯ ಮಾತು ಬಿಡಿ. ಬೈಯಲೂ ಹೋಗಬೇಡಿ, ನಿಮಗೆ ಹಕ್ಕಿಲ್ಲ. ನಿಮ್ಮ ರೈಲ್ವೆ ಲೈನಿನಲ್ಲಿ ನಮ್ಮ ಕಡೆಯ ಡ್ರೈವರುಗಳು ಇದ್ದೇ ಇರುತ್ತಾರೆ. ಮನೆ ಮನೆ ತಟ್ಟಿ, ಒಬ್ಬ ಚಿರತೆಯನ್ನು ಹುಡುಕಿ. ಮುದುಕರಾದರೂ ಸರಿ, ಕುಡುಕರಾದರೂ ಸರಿ.

ಮೇಕೆ ಸತ್ತರೆ ಗುಂಡಿ ತೋಡುವ ಹಕ್ಕೂ ಚಿರತೆಯದೇ, ಸಿತಾಲಿ. ನನಗೆ ಆ ಹಕ್ಕು ಬೇಡ.

ಫೆಲಿಸ್ತಾ


ಲಿವಿಂಗ್‌ಸ್ಟನ್
4 ಮೇ 1976
(ಗಾರ್ಡ್ ಕೈಯಲ್ಲಿ)

ಫೆಲಿಸ್ತಾ ಅವರಿಗೆ,

ಮೊದಲು ಇದನ್ನು ಓದಿ: ಅವರು ಬದುಕಿದ್ದಾರೆ, ಊಟ ಮಾಡಿದ್ದಾರೆ. ನೀವು ರೈಲು ಹತ್ತಬೇಡಿ. ಅವರೇ ಬರುತ್ತಾರೆ.

ಈಗ ಉಳಿದದ್ದು. ವೈಟ್ಸನ್ ಹೇಳಿದ್ದರಲ್ಲಿ ತಿದ್ದುವಂಥದ್ದು ಒಂದೂ ಇಲ್ಲ. ಕಾಗದದ ಕೊಂಬು ನನ್ನದೇ ಯೋಜನೆ. ಅತಿ ಉದ್ದದ ಕೊಂಬು ನನ್ನ ತಲೆಯ ಮೇಲಿತ್ತು. ಅವರು ಜನರ ನಡುವೆ ನಡೆದು ಹೋಗುವಾಗ ನನ್ನ ಮುಂದೆ ಒಂದು ಕ್ಷಣ ನಿಂತು ನನ್ನ ಮುಖ ನೋಡಿದರು. ನಾನು, ದಡ್ಡ ಶಿಖಾಮಣಿ, "ಹುಚ್ಚು ಮೇಕೆ!" ಎಂದು ನಕ್ಕೆ. ಆ ಮುಖ ನನ್ನ ಕಣ್ಣಿನಿಂದ ಹೋಗುವುದಿಲ್ಲ. ನಿಮಗೆ ಸುಳ್ಳು ಬರೆದದ್ದು ಹೆದರಿಕೆಯಿಂದ.

ನಿಮ್ಮ ಪತ್ರ ನಿನ್ನೆ ಬೆಳಿಗ್ಗೆ ಕೈಸೇರಿದ ಕೂಡಲೇ ಡ್ರೈವರುಗಳ ಕ್ವಾರ್ಟರ್ಸಿಗೆ ಓಡಿದೆ. ಚಿರತೆ ಕುಲದವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರೆ ಬೆಂಬಾ ಜನಾಂಗದ ಒಬ್ಬ ಡ್ರೈವರ್ ನಕ್ಕ. "ಚಿರತೆ ಬೇಕಾ? ಅಲ್ಲಿ ಗೇಟ್ ಹತ್ರ ಕಡಲೆಕಾಯಿ ಮಾರ್ತಾಳೆ ನೋಡಿ, ಬನಾ ಮುತಾಲೆ. ಕಚ್ಚಿದ್ರೆ ನನ್ನ ಕೇಳ್ಬೇಡಿ."

ಮುತಾಲೆಯ ತಾಯಿ ಎಂದು ಎಲ್ಲರೂ ಕರೆಯುವ ಆಕೆಗೆ ಅರವತ್ತು ದಾಟಿರಬೇಕು. ನಿಮ್ಮ ಪತ್ರವನ್ನು ಓದಿ ಹೇಳಿದೆ.

"ಯಾರು, ಆ ಗಿಟಾರಿನವನಾ? ನನ್ನ ಮೊಮ್ಮಗ ಹಾಕ್ತಿರ್ತಾನೆ. ಅದೂ ಒಂದು ಹಾಡಾ? ತಗಡಿನ ಮೇಲೆ ಆಲಿಕಲ್ಲು ಬಿದ್ದಂಗೆ!" ಎಂದಳು. ಆದರೂ ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ ಎದ್ದಳು. "ಮೇಕೆ ಅಂದ್ಯಲ್ಲ. ನಡಿ."

ಸೇತುವೆಯ ದಾರಿಯಲ್ಲಿ, ಸೈನಿಕರು ಅಡ್ಡ ಇಟ್ಟಿರುವ ಎಣ್ಣೆ ಡ್ರಮ್ಮುಗಳಿಗೆ ಸ್ವಲ್ಪ ಈಚೆ, ಅವರು ಮೈಲಿಗಲ್ಲಿನ ಮೇಲೆ ಕುಳಿತಿದ್ದರು. ಜಲಪಾತದ ಹನಿ ಗಾಳಿಯಲ್ಲಿ ಬಂದು ಅಂಗಿಯೆಲ್ಲ ಒದ್ದೆ. ಒಬ್ಬ ಸೈನಿಕ ನನ್ನನ್ನು ಪಕ್ಕಕ್ಕೆ ಕರೆದ.

"ನಿಮ್ಮೋರಾ? ದಿನಾ ಬರ್ತಾನೆ. ನಿನ್ನೆ ಡ್ರಮ್ ದಾಟಿದ್ದ, ಕಾಲರ್ ಹಿಡಿದು ಎಳ್ಕೊಂಬಂದೆ. ಸೇತುವೆ ತನಕ ಹೋದ್ರೆ ಆಚೆ ಕಡೆಯೋರು ನೀನು ಯಾರು ಅಂತ ಕೇಳ್ಕೊಂಡು ಗುಂಡು ಹೊಡೆಯಲ್ಲ. ಇವತ್ತೇ ಕರ್ಕೊಂಡು ಹೋಗಿ."

ಬನಾ ಮುತಾಲೆ ಅವರ ಎದುರಿಗೆ ಸೊಂಟಕ್ಕೆ ಕೈಕೊಟ್ಟು ನಿಂತಳು. "ನಾನು ಚಿರತೆ ಕುಲದವಳು. ಮುತಾಲೆ ತಾಯಿ. ಏ ಮೇಕೆ! ಇಲ್ಲಿ ಕೂತು ಯಾರ ಹೊಲ ಮೇಯೋಕೆ ನೋಡ್ತಿದೀಯ?"

ಅವರು ತಲೆಯೆತ್ತಲಿಲ್ಲ. "ಇದೂ ಗೋಡೆಯೊಳಗಿನವರೇ," ಎಂದರು, ತಮಗೆ ತಾವೇ. "ಈಗ ಇದನ್ನೂ ಕಲ್ತುಬಿಟ್ಟಿದಾರೆ."

ಅಷ್ಟು ಹೇಳಿ ಎದ್ದು ನಿಲ್ಲಲು ಹೊರಟರು, ಮುಖ ಸೇತುವೆಯ ಕಡೆಗೆ. ಸೈನಿಕ ಬಂದೂಕು ಹೆಗಲಿನಿಂದ ಇಳಿಸಿದ. ಬಾಯಿ ತೆರೆದರೆ "ಬಾ ಚಿಲೆಕ್ವಾ, ದಯವಿಟ್ಟು" ಎಂದೇ ಬರುತ್ತದೆಂದು ನಾನು ನನ್ನ ಬಾಯಿಗೆ ಕೈ ಒತ್ತಿ ಹಿಡಿದೆ. ಬನಾ ಮುತಾಲೆ ನೆಲಕ್ಕೆ ಕುಕ್ಕರಿಸಿ, ಅವರ ಬಲಗಾಲನ್ನು ಎರಡೂ ಕೈಯಿಂದ ಹಿಡಿದು, ಝಿಪ್ ಎಳೆದು, ಆ ಕೆಂಪು ಬೂಟನ್ನು ಕಿತ್ತೇಬಿಟ್ಟಳು. ಅವರು ಮತ್ತೆ ಕಲ್ಲಿನ ಮೇಲೆ ಕುಸಿದರು. ಆಕೆ ಬೂಟನ್ನು ಕಂಕುಳಲ್ಲಿ ಇಟ್ಟುಕೊಂಡು ಊರಿನ ಕಡೆಗೆ ನಡೆಯತೊಡಗಿದಳು, ಹಿಂದೆ ತಿರುಗಿ ನೋಡದೆ.

ಅವರು ತಮ್ಮ ಬರಿಗಾಲನ್ನು ನೋಡಿದರು. ಬೆರಳು ಆಡಿಸಿದರು. ಒದ್ದೆ ಮಣ್ಣನ್ನು ಮುಟ್ಟಿ ನೋಡಿದರು.

"ಅವರು ಯಾವತ್ತೂ ಏನೂ ತಗೊಂಡು ಹೋಗಿರಲಿಲ್ಲ," ಎಂದರು.

ಆಮೇಲೆ ದೂರ ಹೋಗುತ್ತಿದ್ದ ಬೂಟನ್ನು ನೋಡಿ ಕೂಗಿದರು: "ಏ ಮುದುಕಿ! ಕಳ್ಳಿ! ನನ್ನ ಬೂಟು ಕೊಡು!"

"ಹಿಡ್ಕೋ ನೋಡೋಣ, ಮೇಕೆ!"

ಫೆಲಿಸ್ತಾ ಅವರೇ, ನೀವು ಅದನ್ನು ನೋಡಬೇಕಿತ್ತು. ಒಂದು ಕಾಲಲ್ಲಿ ಇಟ್ಟಿಗೆಯಷ್ಟು ಎತ್ತರದ ಬೂಟು, ಇನ್ನೊಂದು ಬರಿಗಾಲು. ಕುಂಟುತ್ತ, ಶಪಿಸುತ್ತ, ಅವರು ಆ ಮುದುಕಿಯ ಹಿಂದೆ ಊರಿನವರೆಗೂ ಬಂದರು. ಸೇತುವೆಯ ಕಡೆಗೆ ಒಮ್ಮೆಯೂ ತಿರುಗಲಿಲ್ಲ. ನಾನು ಹಿಂದೆ ಹಿಂದೆ ಅಳುತ್ತ ಬಂದೆ. ಅದನ್ನು ಮುಚ್ಚಿಡುವುದಿಲ್ಲ.

ತನ್ನ ಮನೆಯಲ್ಲಿ ಆಕೆ ಬೂಟನ್ನು ಕೆಳಗಿಟ್ಟು ಅದರ ಮೇಲೆಯೇ ಕುಳಿತಳು. ನ್ಶಿಮಾ ಬಡಿಸಿದಳು. "ತಿನ್ನು. ಹುಲ್ಲು ಅಂದ್ಕೊಂಡು ತಿನ್ನು." ತಿಂದರು. ವೈಟ್ಸನ್ ನನ್ನ ಮೇಜಿನ ಮೇಲೆ ಬಿಟ್ಟುಹೋಗಿದ್ದ ಡಬ್ಬಿಯನ್ನು ನಾನು ಸುಮ್ಮನೆ ಆಕೆಯ ಕೈಗೆ ಕೊಟ್ಟೆ. "ಇದು ಮೇಕೆಗಳ ಹುಳದ ಔಷಧಿ. ಬಾಯಿ ತೆಗಿ." ಅವರು ನಕ್ಕರು. ನಾನು ಅವರ ನಗು ಕೇಳಿದ್ದು ಅದೇ ಮೊದಲು. ರೆಕಾರ್ಡಿನಲ್ಲಿ ಅದು ಇಲ್ಲ.

ಬನಾ ಮುತಾಲೆಯೇ ಅವರನ್ನು ಗುರುವಾರದ ರೈಲಿನಲ್ಲಿ ಕರೆತರುತ್ತಾಳೆ. ನಾನು ಅವರ ಕಣ್ಣಿಗೆ ಬೀಳುವುದಿಲ್ಲ. ಸಂಘವನ್ನು ಮುಚ್ಚುತ್ತಿದ್ದೇನೆ. ಮರ್ಯಾದೆಯೂ ಬೇಡ, ಬೈಗುಳವೂ ಬೇಡ ಎಂದರೆ ನನ್ನಂಥವನು ಅವರನ್ನು ಏನೆಂದು ಕರೆಯಬೇಕು?

ಸಿತಾಲಿ


ಕಿಟ್ವೆ
13 ಜೂನ್ 1976

ಬಾ ಸಿತಾಲಿ,

ಇಷ್ಟು ದಿನ ಉತ್ತರ ಬರೆಯದೆ ನಿಮ್ಮನ್ನು ಬೇಯಿಸಿದೆ. ಮೊದಮೊದಲು ಬೇಕೆಂದೇ. ಆಮೇಲೆ, ಏನು ಬರೆಯಬೇಕೆಂದು ನನಗೇ ಗೊತ್ತಿಲ್ಲದೆ.

ರೈಲು ಇಳಿದಾಗ ಅವನು ಒಂದೇ ಬೂಟಿನಲ್ಲಿದ್ದ. ನಾನು ಪ್ಲಾಟ್‌ಫಾರ್ಮಿನ ಆ ತುದಿಯಿಂದಲೇ, "ಬಂತಾ ಹುಚ್ಚು ಮೇಕೆ!" ಎಂದೆ. ಅವನು ನಿಂತ. ನನ್ನನ್ನು ನೋಡಿದ, ನನ್ನ ತಲೆಯ ಮೇಲೆ ಕೊಂಬಿದೆಯೇ ಎಂದು ನೋಡುವವನಂತೆ. ನಗಲಿಲ್ಲ. ಮೂರು ವರ್ಷದಿಂದ ಅವನನ್ನು ಹಿಡಿದುಕೊಂಡಿದ್ದ ಒಂದು ಮಾತು ನನ್ನ ಬಾಯಲ್ಲೇ ಸತ್ತುಹೋಯಿತು. ಅವತ್ತು ನಿಮ್ಮ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ನೀವು ಎದುರಿಗಿದ್ದರೆ ಕತ್ತರಿ ಎಸೆಯುತ್ತಿದ್ದೆ.

ಬನಾ ಮುತಾಲೆ ನನ್ನ ಕಿವಿ ಹಿಂಡಿದಳು. "ಬಾಯಿ ಯಾಕೆ ನೋಯಿಸ್ಕೋತೀಯೇ? ಬಾಯಿ ಯಾರಿಗೆ ಬೇಕಾದ್ರೂ ಇರತ್ತೆ, ಗೋಡೆಗೂ ಇರತ್ತೆ. ಕೈ ಉಪಯೋಗ್ಸು."

ಸರಿ, ಅವನ ಮನೆಗೆ ಹೋದೆ. ಗಿಟಾರ್ ಮೊಳೆಗೆ ನೇತುಹಾಕಿತ್ತು. ಅವನೂ ಅವನ ತಾಯಿಯೂ ನೋಡುತ್ತಿದ್ದಂತೆ ತೆಗೆದುಕೊಂಡು ನಡೆದೆ. ಇಡೀ ಬೀದಿಯಲ್ಲಿ, ಹಗಲಿನಲ್ಲಿ, ಗಿಟಾರ್ ಕದ್ದ ಹೆಂಗಸು. ಮನೆಗೆ ಬಂದು ಯಂತ್ರದ ಮುಂದೆ ಕುಳಿತೆ, ಆದರೆ ಒಂದು ಹೊಲಿಗೆ ನೇರವಾಗಿ ಬೀಳಲಿಲ್ಲ. ಬಾರದಿದ್ದರೆ? ಕೊನೆಗೆ ಸಂಜೆ ಬಾಗಿಲಲ್ಲಿ ನೆರಳಾಯಿತು.

"ಕಳ್ಳ ಚಿರತೆ. ಕೊಡೇ ಅದನ್ನ."

"ಮೊದ್ಲು ಇದು ನುಂಗು."

ನುಂಗಿದ. ಈಗ ದಿನವೂ ಅದೇ ಕೆಲಸ. ಬೆಳಿಗ್ಗೆ ಅವನ ಟೋಪಿ, ಸಂಜೆ ಗಿಟಾರು, ಒಮ್ಮೆ ಅವನ ತಾಯಿಯ ಪಾತ್ರೆಯನ್ನೂ ಹೊತ್ತುಕೊಂಡು ಬಂದೆ, ಒಳಗೆ ಮೀನು ಇನ್ನೂ ಕುದಿಯುತ್ತಿತ್ತು. ಗೋಡೆಯೊಳಗಿನವರು ಹೋಗಿಲ್ಲ, ಸಿತಾಲಿ. ಅವರು ಹೋಗುವವರಲ್ಲ. ಈಗ ಮೇಕೆ ಎಂದೂ ಕರೆಯುತ್ತಾರಂತೆ. ಆದರೆ ಅವರ ಕೈಯಲ್ಲಿ ಒಂದು ಚಮಚವನ್ನೂ ಎತ್ತಲಾಗುವುದಿಲ್ಲ. ಅದು ಅವನಿಗೆ ಗೊತ್ತಾಗಿದೆ.

ಕಳೆದ ಭಾನುವಾರ ಇಲ್ಲಿ ಶೋ ಇತ್ತು. ಯಾರೋ ಹಿಂದಿನಿಂದ "ಗೋಡೆ! ಗೋಡೆ!" ಎಂದು ಆ ಹಾಡಿಗಾಗಿ ಕೂಗಿದ. ಅವನು ಮೈಕಿಗೆ ಬಾಗಿ, "ಗೋಡೆಯೊಳಗಿನವರಿಗೆ ಇವತ್ತು ರಜೆ" ಎಂದ. ಜನ ಹೊಟ್ಟೆ ಹಿಡಿದು ನಕ್ಕರು. ಅವರಿಗೆ ಅದು ತಮಾಷೆ. ಇರಲಿ. ಇನ್ನೊಂದು ಕೇಳಿ: ಅವನು ಒಂದು ಕಾಲಿಗೆ ಕೆಂಪು ಬೂಟು, ಇನ್ನೊಂದಕ್ಕೆ ಹವಾಯಿ ಚಪ್ಪಲಿ ಹಾಕಿಕೊಂಡೇ ಬಾರಿಸಿದ. ಈಗ ಕಿಟ್ವೆಯ ಪಡ್ಡೆ ಹುಡುಗರೆಲ್ಲ ಒಂದು ಬೂಟು, ಒಂದು ಚಪ್ಪಲಿಯಲ್ಲಿ ಕುಂಟುತ್ತಿದ್ದಾರೆ. ಚಮ್ಮಾರನಿಗೆ ಬಿಡುವಿಲ್ಲ. ಅಭಿಮಾನಿಗಳು ನಿಮ್ಮಲ್ಲಿ ಮಾತ್ರ ಇದ್ದಾರೆಂದು ತಿಳಿಯಬೇಡಿ.

ಸಂಘ ಮುಚ್ಚಬೇಡಿ. ನಿಮ್ಮ ಪ್ರಶ್ನೆಯನ್ನು ಅವನಿಗೇ ಓದಿ ಹೇಳಿದೆ. "ಆ ಲೋಜಿ ಗುಮಾಸ್ತಂಗೆ ಹೇಳು, ಏನೂ ಕರೀಬೇಡ ಅಂತ. ಬಂದು ಎದುರಿಗೆ ಕೂರ್ಲಿ, ಹಾಡು ಕೇಳ್ಲಿ. ಕೊಂಬು ಮನೇಲಿ ಬಿಟ್ಟು ಬರ್ಲಿ," ಎಂದ.

ಕೊನೆಯದಾಗಿ ಆ ಬಲಗಾಲಿನ ಬೂಟಿನ ವಿಷಯ. ಬನಾ ಮುತಾಲೆ ಅದನ್ನು ವಾಪಸು ತಂದಿರಲಿಲ್ಲ, ಚಿರತೆ ಒಯ್ದದ್ದು ಚಿರತೆಯದೇ ಎಂದಳು. ಜೋಡಿ ಮಾಡಿಕೊಡುತ್ತೇನೆ ಎಂದರೆ ಲಜಾರೊ ಒಪ್ಪುವುದಿಲ್ಲ. ಆಗಸ್ಟ್‌ನಲ್ಲಿ ಲಿವಿಂಗ್‌ಸ್ಟನ್ನಿಗೆ ಬಂದು ಆ ಮುದುಕಿಯಿಂದ ಅದನ್ನು ಕದ್ದೇ ತೀರುತ್ತಾನಂತೆ. ರೈಲಿನ ವೇಳೆ ವಿಚಾರಿಸುತ್ತಿದ್ದಾನೆ. ಬನಾ ಮುತಾಲೆಗೆ ಹೇಳಿ, ಯಾರು ಬಂದು ಕೇಳಿದರೂ ಬೂಟು ಕೊಡಬೇಡ ಎಂದು. ಆಗಸ್ಟ್‌ನಲ್ಲಿ ಅವನು ಬಂದರೂ ಸುಲಭವಾಗಿ ಕೊಡಬಾರದು.

ಫೆಲಿಸ್ತಾ